ಹಾಡಿದವರು ಹೋದಮೇಲೆ

(ನಮ್ಮ ಸಂಘದ ವತಿಯಿಂದ ಯೇವಲಾದಲ್ಲಿ ಜರುಗಿದ 2025ರ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು ನಾಡು, ನುಡಿ, ಏಕೀಕರಣ ಇವುಗಳನ್ನು ಕುರಿತು ಮಾತನಾಡಬೇಕೆಂಬುದು ರೂಢಿ. ಆ ರೂಢಿಯನ್ನು ಮುರಿಯಬೇಕೆಂಬ ಹಟವೇನೂ ನಮಗಿಲ್ಲ. ಆದರೆ ಕಾರ್ಯದರ್ಶಿಗಳು ಬರೆದ ಕಾಗದದಲ್ಲಿ ‘ವಿಷಯ ತಮ್ಮ ಇಚ್ಛೆಗೆ ಬಿಟ್ಟದ್ದು’ ಎಂದಿತ್ತು. ಹಾಗೆ ಬರೆದದ್ದು ಅವರ ತಪ್ಪು. ತೀರಿಹೋದ ಗವಾಯಿಗಳನ್ನೂ ಅವರಿಗಾಗಿ ಅತ್ತ ಮಂದಿಯನ್ನೂ ಕುರಿತು ಮಾತನಾಡುತ್ತೇವೆಂದು ನಾವು ಉತ್ತರ ಕಳಿಸಿದಾಗ, ಹಬ್ಬದ ದಿವಸ ಸಾವಿನ ಮಾತೇಕೆ ಎಂದು ಅವರು ಸ್ವಲ್ಪ ಹಿಂಜರಿದರೆಂದು ಕೇಳಿದ್ದೇವೆ. ಆ ಮಾತಿಗೆ ಒಂದು ಕಾರಣವಿದೆ. ಅದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇವೆ.

ಈ ವರ್ಷದ ಜುಲೈ 22ರಂದು ಇಂಗ್ಲೆಂಡಿನಲ್ಲಿ ಓಜ಼ಿ ಆಸ್‌ಬರ್ನ್ ಎಂಬ ರಾಕ್ ಗಾಯಕ ತನ್ನ 76ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದಾಗಿ ನಾಲ್ಕೈದು ದಿವಸಗಳಲ್ಲಿ ನಮ್ಮ ಸಂಘದ ಇಬ್ಬರು ಹುಡುಗರು ನಮ್ಮ ಮನೆಗೆ ಬಂದರು. ಒಬ್ಬ ನಾಸಿಕದ ಅಂಬಡ ವಸಾಹತಿನ ಕಾರಖಾನೆಯೊಂದರಲ್ಲಿ ಪ್ರೆಸ್ಸಿನ ಮೇಲೆ ಕೆಲಸ ಮಾಡುವವನು. ಇನ್ನೊಬ್ಬ ಕಾಲೇಜಿನಲ್ಲಿ ಓದುವವನು. ಸಂಘದ ಕೋಣೆಯನ್ನು ಒಂದು ಸಂಜೆಯ ಮಟ್ಟಿಗೆ ಬಿಟ್ಟುಕೊಡಬೇಕು, ಆ ಗಾಯಕನ ಹೆಸರಿನಲ್ಲಿ ಒಂದು ದೀಪ ಹಚ್ಚಿ ಅವನ ಹಾಡುಗಳನ್ನು ಕೇಳುತ್ತೇವೆ ಎಂಬುದು ಅವರ ಕೋರಿಕೆ. ನಾವು ನಕ್ಕುಬಿಟ್ಟೆವು. ಕನ್ನಡ ಸಂಘಕ್ಕೂ ಆ ಮನುಷ್ಯನಿಗೂ ಏನು ಸಂಬಂಧವಪ್ಪಾ, ಅವನು ನಿಮಗೆ ಏನಾಗಬೇಕು ಎಂದು ಕೇಳಿದೆವು. ಕಾರಖಾನೆಯ ಹುಡುಗ ತಲೆ ತಗ್ಗಿಸಿದ. ಕಾಲೇಜಿನವನು ಮಾತ್ರ ನೆಟ್ಟಗೆ ನೋಡಿ, “ಕಾಕಾ, ಭೀಮಸೇನ ಜೋಶಿಯವರು ತೀರಿಕೊಂಡ ದಿವಸ ನೀವು ಊಟಾ ಮಾಡಲಿಲ್ಲಂತ ಅಪ್ಪಾ ಹೇಳ್ತಾರ. ಅವರು ನಿಮಗ ಏನಾಗಬೇಕಿತ್ತು?” ಎಂದ.

ನಮಗೆ ಆಗ ಉತ್ತರ ಹೊಳೆಯಲಿಲ್ಲ. ಚಹಾ ಕುಡಿದು ಹೋಗಿರೆಂದು ಹೇಳಿ ಮಾತು ತಪ್ಪಿಸಿದೆವು. ಈ ದಿವಸದ ಭಾಷಣವೆಲ್ಲ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ. ಮೂರು ತಿಂಗಳು ತಡವಾಗಿದೆ.

ಭೀಮಸೇನ ಜೋಶಿಯವರು ಪುಣೆಯಲ್ಲಿ ದೇಹ ಬಿಟ್ಟದ್ದು 2011ರ ಜನವರಿ 24ರ ಬೆಳಿಗ್ಗೆ. ಅಂದು ನಾವು ಇದ್ದದ್ದು ಇದೇ ಊರಿನಲ್ಲಿ. ಮನೆಯಲ್ಲಿ ಮಗಳ ಮದುವೆ ಗೊತ್ತಾಗಿತ್ತು. ಯೇವಲಾಕ್ಕೆ ಬಂದು ಪೈಠಣಿ ಕೊಳ್ಳದೆ ನಾಸಿಕದಲ್ಲಿ ಕೊಂಡರೆ ಮನೆಯವರು ನಮ್ಮನ್ನು ಬಿಡುವ ಹಾಗಿರಲಿಲ್ಲ. ಸಂಕ್ರಾಂತಿ ಕಳೆದು ಹತ್ತು ದಿವಸವಾಗಿತ್ತು. ಈ ಊರಿನ ಗಾಳಿಪಟದ ಹುಚ್ಚನ್ನು ತಾವು ಬಲ್ಲಿರಿ. ಹರಿದ ಪಟಗಳು ವಿದ್ಯುತ್ ತಂತಿಗಳಿಗೆ, ಬೇವಿನ ಮರಗಳಿಗೆ ಇನ್ನೂ ಜೋತುಬಿದ್ದಿದ್ದವು. ನಾವು ಹೋದದ್ದು ಒಬ್ಬ ನೇಕಾರರ ಮನೆಗೆ. ಕುಣಿಯ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಹಿರಿಯರು ನಮ್ಮನ್ನು ಕಂಡೂ ಏಳಲಿಲ್ಲ, ನೇಯಲೂ ಇಲ್ಲ. ಸೆರಗಿನಲ್ಲಿ ನವಿಲಿನ ಕತ್ತಿನವರೆಗೆ ಕೆಲಸ ಬಂದು ನಿಂತಿತ್ತು. ರೇಡಿಯೋ ಮಾತನಾಡುತ್ತಿತ್ತು. “ಅಣ್ಣಾ ಗೇಲೇ” ಎಂದರು, ಅಷ್ಟೆ.

ಯಾವ ಅಣ್ಣ ಎಂದು ನಾವು ಕೇಳಬೇಕಾಗಲಿಲ್ಲ. ಮಹಾರಾಷ್ಟ್ರದಲ್ಲಿ ಅವರನ್ನು ಹತ್ತಿರದವರು ಭೀಮಣ್ಣ ಎಂದೂ ಅಣ್ಣ ಎಂದೂ ಕರೆಯುತ್ತಿದ್ದರು. ಅದು ನಮ್ಮ ಮಾತೇ, ಕೃಷ್ಣೆಯನ್ನು ದಾಟಿ ಹೋಗಿ ಅಲ್ಲಿ ಮನೆ ಮಾಡಿಕೊಂಡ ಮಾತು. ಆ ಹಿರಿಯರು ನಮ್ಮ ಮರಾಠಿಯ ಧಾಟಿಯಿಂದ ನಮ್ಮನ್ನು ಗುರುತಿಸಿ, ಎಲ್ಲಿಯವರೆಂದು ಕೇಳಿದರು. ಗದಗಿನ ಕಡೆಯವರು ಎಂದೆವು. ಆಗ ಅವರು ಮಗ್ಗದಿಂದ ಎದ್ದು ಬಂದು ನಮ್ಮ ಎರಡೂ ಕೈಗಳನ್ನು ಹಿಡಿದುಕೊಂಡರು. ಸತ್ತವರ ಮನೆಗೆ ಹೋದಾಗ ಹಿರಿಮಗನ ಕೈ ಹಿಡಿಯುತ್ತಾರಲ್ಲ, ಹಾಗೆ. “ನಿಮ್ಮವರೇ ಅಲ್ಲವೆ?” ಎಂದು ಮರಾಠಿಯಲ್ಲಿ ಕೇಳಿದರು. ನಾವು ಭೀಮಸೇನರನ್ನು ಹತ್ತಿರದಿಂದ ಕಂಡದ್ದು ಒಮ್ಮೆ, ಅದೂ ಒಂದು ಮೋಟಾರಿನ ಗಾಜಿನ ಹಿಂದೆ. ಆದರೆ ಆ ಕೈಗಳ ಎದುರಿಗೆ ‘ಅಲ್ಲ’ ಎನ್ನಲು ನಮಗೆ ಬಾಯಿ ಬರಲಿಲ್ಲ.

ಆಮೇಲೆ ಅವರು ಇನ್ನೊಂದು ಮಾತು ಕೇಳಿದರು. ಭೀಮಸೇನರು ಹಾಡಿದ ಪುರಂದರದಾಸರ ಲಕ್ಷ್ಮಿಯ ಪದವನ್ನು ಅವರು ಹಲವಾರು ವರ್ಷಗಳಿಂದ ಮಗ್ಗದ ಮೇಲೆ ಗುನುಗುತ್ತಿದ್ದರಂತೆ, ಅರ್ಥ ತಿಳಿಯದು. ಆ ಮಾತುಗಳ ಅರ್ಥವೇನು? ಕಾಲ ಗೆಜ್ಜೆಯ ಸಪ್ಪಳ ಮಾಡುತ್ತ ನಮ್ಮ ಮನೆಗೆ ಬಾ ತಾಯಿ ಎಂದು ಲಕ್ಷ್ಮಿಯನ್ನು ಕರೆಯುವ ಹಾಡೆಂದು ನಮ್ಮ ಮುರುಕು ಮರಾಠಿಯಲ್ಲಿ ಹೇಳಿದೆವು. ಅವರು ತಮ್ಮ ಮಗ್ಗವನ್ನೂ ಅದರ ಮೇಲಿನ ಜರಿಯನ್ನೂ ಒಮ್ಮೆ ನೋಡಿ, “ಹಾಗಾದರೆ ನಾನು ಸರಿಯಾದ ಹಾಡನ್ನೇ ಹಾಡಿಕೊಂಡಿದ್ದೇನೆ” ಎಂದರು. ಸೀರೆಯ ಮಾತು ಅಂದು ಆಗಲೇ ಇಲ್ಲ. ಬಸ್ಸು ಹಿಡಿದು ಬರಿಗೈಯಲ್ಲಿ ಮನೆಗೆ ಬಂದೆವು. ಮನೆಯವರು ಏನೂ ಅನ್ನಲಿಲ್ಲ. ಊಟ ಬಿಟ್ಟದ್ದು ನಿಜ. ಅದು ವ್ರತವಲ್ಲ, ಹಸಿವಾಗಲಿಲ್ಲ.

ಇಲ್ಲಿ ಒಂದು ಅಡ್ಡಮಾತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಹೇಳಿದೆಯೆಂಬುದನ್ನು ಪ್ರತಿ ರಾಜ್ಯೋತ್ಸವದಲ್ಲಿಯೂ ತಾವು ಕೇಳಿದ್ದೀರಿ. ಗೋದಾವರಿ ಹರಿಯುವುದು ಕೋಪರಗಾವಿಯಲ್ಲಿ. ಯೇವಲಾ ಅದಕ್ಕೆ ಉತ್ತರಕ್ಕಿದೆ. ಅಂದರೆ ನೃಪತುಂಗನ ಲೆಕ್ಕದಲ್ಲಿಯೂ ನಾವು ಈ ಹೊತ್ತು ಕುಳಿತಿರುವುದು ಎಲ್ಲೆಯ ಆಚೆಗೆ. ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ವೆಂಬ ಹೆಸರಿನ ತಾಲೂಕೇ ಇದೆ, ವೇರೂಳದ ಕೈಲಾಸವನ್ನು ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿ ಕಡೆದರು, ಗವಾಯಿಗಳು ಹಾಡುವ ರಾಗಗಳಲ್ಲಿ ಕಾನಡಾ ಎಂದು ಒಂದು ದೊಡ್ಡ ಮನೆತನವೇ ಇದೆ. ಇವುಗಳಿಂದ ಏನು ಸಿದ್ಧವಾಗುತ್ತದೆಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಆ ಕೆಲಸಕ್ಕೆ ನಮ್ಮಲ್ಲಿ ಬೇರೆ ಭಾಷಣಕಾರರಿದ್ದಾರೆ. ಭೀಮಸೇನರು ನಮ್ಮವರೋ ಮರಾಠಿಗರೋ ಎಂದು ಚಹಾದ ಅಂಗಡಿಗಳಲ್ಲಿ ಜಗಳ ನಡೆದದ್ದನ್ನು ಕೇಳಿದ್ದೇವೆ. ನೇಕಾರರ ಕೈ ಹಿಡಿದ ಮೇಲೆ ಆ ಜಗಳದಲ್ಲಿ ನಮಗೆ ರುಚಿ ಉಳಿದಿಲ್ಲ.

ಅವರು ಹುಟ್ಟಿದ್ದು 1922ರಲ್ಲಿ, ಗದಗಿನ ಸೀಮೆಯ ರೋಣದಲ್ಲಿ. ಹನ್ನೊಂದು ವರ್ಷದ ಹುಡುಗನಾಗಿದ್ದಾಗ ಅಬ್ದುಲ್ ಕರೀಮ್ ಖಾನರ ಠುಮರಿಯ ರೆಕಾರ್ಡನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಸುವ ಗುರು ಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿದರು. ರೈಲಿನಲ್ಲಿ ಟಿಕೀಟಿಲ್ಲದೆ, ಕೇಳಿದವರಿಗೆ ಹಾಡಿ ತೋರಿಸುತ್ತ ಗ್ವಾಲಿಯರದವರೆಗೂ ಹೋದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ನಾವು ಗಮನಿಸಬೇಕಾದದ್ದೆಂದರೆ, ಆ ಹುಡುಗ ಮೊದಲಿಗೆ ಗಾಯಕನಾಗಿರಲಿಲ್ಲ. ಅಂಗಡಿಯ ಮುಂದೆ ನಿಂತು ತಟ್ಟೆಯ ಹಾಡನ್ನು ಕೇಳಿ ಮೈಮರೆತ ಒಬ್ಬ ಹುಚ್ಚು ರಸಿಕನಾಗಿದ್ದ. ಖಾನಸಾಹೇಬರು ಅವನಿಗೆ ಏನಾಗಬೇಕಿತ್ತು?

ಖಾನಸಾಹೇಬರು ಉತ್ತರದ ಕೈರಾನಾದವರು. ಮಿರಜದಲ್ಲಿ ನೆಲೆಸಿದರು. 1937ರ ಅಕ್ಟೋಬರ್ 27ರಂದು ಮದರಾಸಿನಿಂದ ಪಾಂಡಿಚೇರಿಗೆ ಹೊರಟಿದ್ದಾಗ ಗಾಡಿಯಲ್ಲಿ ಮೈ ಸರಿಯಿಲ್ಲವಾಗಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ತಂಬೂರಿಯ ಶ್ರುತಿ ಮಾಡಿಸಿ, ಪ್ರಾರ್ಥನೆಯನ್ನು ಹಾಡಿ ಅಲ್ಲಿಯೇ ಕಣ್ಣು ಮುಚ್ಚಿದರೆಂದು ಪ್ರತೀತಿ. ದೇಹವನ್ನು ಮಿರಜಕ್ಕೆ ತಂದು ಮೀರಾಸಾಹೇಬರ ದರ್ಗಾದ ಅಂಗಳದಲ್ಲಿ ಮಣ್ಣು ಮಾಡಿದರು. ಅಲ್ಲಿನ ಉರುಸಿನಲ್ಲಿ ಅವರ ನೆನಪಿಗೆ ಗವಾಯಿಗಳು ಕೂಡಿ ಹಾಡುವ ಪದ್ಧತಿ ಬೆಳೆಯಿತು. ದೊಡ್ಡ ಹೆಸರಿನವರು ಸಹ ಅಲ್ಲಿಗೆ ಸೇವೆಯೆಂದು ಹೋಗುತ್ತಾರೆ.

ಖಾನಸಾಹೇಬರ ಶಿಷ್ಯರು ಕುಂದಗೋಳದ ರಾಮಭಾವು, ಸವಾಯಿ ಗಂಧರ್ವರೆಂದು ಜಗತ್ತು ಬಲ್ಲ ಮಹನೀಯರು. ಮನೆ ಬಿಟ್ಟ ಹುಡುಗ ಉತ್ತರದೇಶವನ್ನೆಲ್ಲ ಸುತ್ತಿ ಕೊನೆಗೆ ಗುರುವನ್ನು ಕಂಡದ್ದು ತನ್ನ ಊರಿನ ಪಕ್ಕದ ಕುಂದಗೋಳದಲ್ಲಿ. ಗಂಗೂಬಾಯಿ ಹಾನಗಲ್ಲ, ಫಿರೋಜ್ ದಸ್ತೂರ, ಬಸವರಾಜ ರಾಜಗುರು ಎಲ್ಲರೂ ಅದೇ ಗುರುವಿನ ಹತ್ತಿರ ಕಲಿತವರು. 1946ರಲ್ಲಿ ಗುರುವಿನ ಅರವತ್ತರ ಸಮಾರಂಭ ಪುಣೆಯಲ್ಲಿ ಆದಾಗ ಹಾಡಿದ ಹಾಡಿಕೆಯಿಂದಲೇ ಭೀಮಸೇನರ ಹೆಸರು ಮಹಾರಾಷ್ಟ್ರದ ತುಂಬ ಹರಡಿತು. ಗುರುವಾದರೋ ಪಾರ್ಶ್ವವಾಯುವಿನಿಂದ ಹಾಡುವುದನ್ನು ಬಿಟ್ಟಿದ್ದರು. 1952ರ ಸೆಪ್ಟೆಂಬರ್ 12ರಂದು ಅವರು ಪುಣೆಯಲ್ಲಿ ತೀರಿಕೊಂಡರು.

ಮರುವರ್ಷ, 1953ರಲ್ಲಿ, ಶಿಷ್ಯರೂ ಅಭಿಮಾನಿಗಳೂ ಕೂಡಿ ಅವರ ಪುಣ್ಯತಿಥಿಯೆಂದು ರಾತ್ರಿಯಿಡೀ ಹಾಡಿದರು. ಈ ಹೊತ್ತಿಗೆ ದೇಶದಲ್ಲೆಲ್ಲ ಹೆಸರಾದ ಸವಾಯಿ ಗಂಧರ್ವ ಉತ್ಸವ ಅದೇ. ಅದು ಹುಟ್ಟಿದ್ದು ಒಂದು ಶ್ರಾದ್ಧವಾಗಿ ಎಂಬುದನ್ನು ಟಿಕೀಟು ಕೊಳ್ಳುವವರಲ್ಲಿ ಎಷ್ಟು ಜನ ನೆನೆಯುತ್ತಾರೋ ಕಾಣೆವು. ನಾವು ಎಷ್ಟೋ ವರ್ಷ ರಮಣಬಾಗ ಶಾಲೆಯ ಬಯಲಿನಲ್ಲಿ ಆ ರಾತ್ರಿಗಳನ್ನು ಕಳೆದಿದ್ದೇವೆ. ಡಿಸೆಂಬರದ ಚಳಿ; ಕಂಬಳಿ, ಮಂಕಿ ಟೋಪಿ, ಥರ್ಮಾಸಿನಲ್ಲಿ ಚಹಾ, ಡಬ್ಬಿಯಲ್ಲಿ ಚಪಾತಿ-ಚಟ್ನಿ. ನಡುರಾತ್ರಿಗೆ ಮಕ್ಕಳು ತಾಯಂದಿರ ತೊಡೆಯ ಮೇಲೆ ಮಲಗಿಬಿಡುವರು. ನಮ್ಮ ಹಿಂದೆ ಕುಳಿತವರು ಪ್ರತಿ ವರ್ಷವೂ, ಈ ಸಲ ಮೊದಲಿನ ಹಾಗಿಲ್ಲ ಎಂದು ಹೇಳುವರು. ಮರುವರ್ಷ ಅವರೇ ಅಲ್ಲಿಯೇ ಕುಳಿತಿರುವರು. 2000ದಲ್ಲಿ ಶಬ್ದಮಾಲಿನ್ಯದ ನಿಯಮಗಳು ಬಂದು ರಾತ್ರಿಯ ಹಾಡಿಕೆಗೆ ಕತ್ತರಿ ಬಿತ್ತು. ಬೆಳಗಿನ ಜಾವದ ರಾಗಗಳನ್ನು ಅವುಗಳ ಹೊತ್ತಿಗೆ ಕೇಳುವ ಭಾಗ್ಯ ಹೋಯಿತೆಂದು ನಾವು ಆಗ ಬಹಳ ಗೊಣಗಿದೆವು. ನೆರೆಯಲ್ಲಿ ಕಾಯಿಲೆಯವರಿರುತ್ತಾರೆಂಬುದು ನಮಗೆ ಹೊಳೆದಿರಲಿಲ್ಲ.

ಆ ಉತ್ಸವದ ಕೊನೆಯ ಗಳಿಗೆಯ ಮಾತನ್ನು ಹೇಳದಿದ್ದರೆ ಈ ಭಾಷಣ ಮಾಡಿಯೂ ವ್ಯರ್ಥ. ಎಲ್ಲರ ಹಾಡಿಕೆ ಮುಗಿದ ಮೇಲೆ, ಯಾರೂ ಇಲ್ಲದ ವೇದಿಕೆಯಿಂದ ಸವಾಯಿ ಗಂಧರ್ವರದೇ ಹಳೆಯ ರೆಕಾರ್ಡೊಂದನ್ನು ಕೇಳಿಸುತ್ತಾರೆ. ಭೈರವಿಯ ಒಂದು ಠುಮರಿ. ಅಷ್ಟು ದೊಡ್ಡ ದೊಡ್ಡ ಧ್ವನಿಗಳನ್ನು ಕೇಳಿದ ಕಿವಿಗಳಿಗೆ ಆ ತಟ್ಟೆಯ ಧ್ವನಿ ಎಳೆಯಷ್ಟು ಸಣ್ಣಗೆ, ಕರಕರ ಸದ್ದಿನ ನಡುವಿನಿಂದ ಬರುತ್ತದೆ. ಸಾವಿರಾರು ಮಂದಿ ಕೆಮ್ಮದೆ ಕೇಳುತ್ತಾರೆ. ಕೇಳುವವರಲ್ಲಿ ಅವರನ್ನು ಕಣ್ಣಾರೆ ಕಂಡವರು ಈಗ ಯಾರೂ ಇಲ್ಲವೆಂದೇ ಹೇಳಬೇಕು. ಆದರೂ ಎಲ್ಲರೂ ಅವರ ಮನೆಯವರ ಹಾಗೆಯೇ ಕುಳಿತಿರುತ್ತಾರೆ.

ಭೀಮಸೇನರು ಆ ಉತ್ಸವದಲ್ಲಿ ಕಡೆಯ ಸಲ ಹಾಡಿದ್ದು 2007ರಲ್ಲಿ. ವಯಸ್ಸು, ಕಾಯಿಲೆಗಳಿಂದ ಸೋತಿದ್ದವರು ಹಾಡಿಯಾರೆಂದು ಯಾರೂ ನೆನೆಸಿರಲಿಲ್ಲ. ಆ ವರ್ಷ ನಾವು ಹೋಗಿರಲಿಲ್ಲ. ಆಫೀಸಿನಲ್ಲಿ ರಜೆ ಸಿಗಲಿಲ್ಲ. ಹೋಗಿದ್ದವರು ಈ ಹೊತ್ತಿಗೂ ನಮ್ಮ ಎದುರಿಗೆ ಅದನ್ನು ಹೇಳಿ ಜಂಬ ಕೊಚ್ಚುತ್ತಾರೆ, ನಾವು ಕೇಳಿಸಿಕೊಳ್ಳುತ್ತೇವೆ. 2008ರಲ್ಲಿ ಭಾರತರತ್ನ ಬಂದಿತು. 2011ರಲ್ಲಿ ಅವರು ಹೋದ ಮೇಲೆ ಉತ್ಸವದ ಹೆಸರಿನಲ್ಲಿ ಗುರುವಿನ ಹೆಸರಿನ ಪಕ್ಕಕ್ಕೆ ಶಿಷ್ಯನ ಹೆಸರೂ ಸೇರಿತು. ಕೊನೆಯಲ್ಲಿ ಹಾಡುವ ಮಾನ ಪ್ರಭಾ ಅತ್ರೆಯವರಿಗೆ ಬಂದಿತು. ಅವರೂ 2024ರ ಜನವರಿ 13ರಂದು ತೀರಿಕೊಂಡರು, 91ನೆಯ ವಯಸ್ಸಿನಲ್ಲಿ.

ಒಂದು ಪೀಳಿಗೆಯೇ ಹೀಗೆ ಸಾಲುಹಿಡಿದು ಹೋಯಿತು. 1992ರ ಜನವರಿ 12ರಂದು ದೇವಾಸದಲ್ಲಿ ಕುಮಾರ ಗಂಧರ್ವರು, ಬೆಳಗಾವಿಯ ಸೂಳೇಭಾವಿಯ ಕೂಸು. ಅದೇ ವರ್ಷ ಸೆಪ್ಟೆಂಬರ್ 12ರಂದು ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರು. ಸವಾಯಿ ಗಂಧರ್ವರು ಹೋದ ತಾರೀಖಿಗೇ, ಸರಿಯಾಗಿ ನಲವತ್ತು ವರ್ಷಗಳ ಮೇಲೆ. 2009ರ ಡಿಸೆಂಬರ್ 29ರಂದು, ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿವಸವೇ, ಬೆಂಗಳೂರಿನಲ್ಲಿ ಸಿ. ಅಶ್ವಥ್. 2010ರ ಸೆಪ್ಟೆಂಬರ್ 17ರಂದು ಗದಗಿನ ಪುಟ್ಟರಾಜ ಗವಾಯಿಗಳು. ಇವರಲ್ಲಿ ಪುಟ್ಟರಾಜರಿಗಾಗಿ ಅತ್ತವರ ರೀತಿ ಬೇರೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಕುರುಡು ಹುಡುಗರಿಗೆ ಅವರು ತಂದೆಯೇ ಆಗಿದ್ದರು.

ಗಂಗೂಬಾಯಿಯವರ ಮಾತನ್ನು ಬೇರೆಯಾಗಿ ಹೇಳಬೇಕು. ಅವರು 2006ರಲ್ಲಿ, ಹಾಡಿಕೆ ಶುರುಮಾಡಿ 75 ವರ್ಷವಾದುದಕ್ಕೆ, ಕಡೆಯ ಸಲ ಸಭೆಯಲ್ಲಿ ಹಾಡಿದರು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಅವರಿಗೆ 96. ಕಣ್ಣುಗಳನ್ನು ದಾನ ಮಾಡಿದ್ದರು. ಸರಕಾರಿ ಮರ್ಯಾದೆ, ಬಂದೂಕಿನ ವಂದನೆ, ಬೀದಿಯ ತುಂಬ ಜನ. ಇದೇ ತಾಯಿಯನ್ನು, ಹುಡುಗಿಯಾಗಿದ್ದಾಗ, ಧಾರವಾಡದ ಬೀದಿಯಲ್ಲಿ ‘ಗಾನೇವಾಲಿ’ ಎಂದು ಹೀಯಾಳಿಸಿದ್ದರು. ಹೀಯಾಳಿಸಿದವರ ಮೊಮ್ಮಕ್ಕಳೂ ಆ ಮೆರವಣಿಗೆಯಲ್ಲಿ ನಡೆದಿರಬೇಕು. ಅವರು ಅತ್ತದ್ದು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಸತ್ತಮೇಲೆ ಹೆಗಲು ಕೊಡುವುದು ಸುಲಭವೆಂಬುದನ್ನು ಈ ಊರಿನಲ್ಲಿ ನಿಂತು ಮರೆಯಲಾಗದು. ಹುಟ್ಟಿದ ಧರ್ಮದಲ್ಲಿ ಸಾಯುವುದಿಲ್ಲವೆಂದು ಅಂಬೇಡಕರರು 1935ರ ಅಕ್ಟೋಬರ್ 13ರಂದು ಸಾರಿದ್ದು ಇದೇ ಯೇವಲಾದಲ್ಲಿ. ಹುಟ್ಟನ್ನು ನೋಡಿ ಮನುಷ್ಯನನ್ನು ಅಳೆಯುವವರಿಗೆ ಹೇಳಿದ ಮಾತು ಅದು.

ಅಳುವುದರಲ್ಲಿಯೂ ಒಳ್ಳೆಯದು ಕೆಟ್ಟದ್ದು ಇದೆ. 2006ರ ಏಪ್ರಿಲಿನಲ್ಲಿ ರಾಜಕುಮಾರರು ತೀರಿಕೊಂಡಾಗ ಬೆಂಗಳೂರಿನ ಬೀದಿಗಳಲ್ಲಿ ಕಲ್ಲು ಬೆಂಕಿಗಳಾದವು, ಜೀವಗಳೂ ಹೋದವು. ತಮ್ಮವರನ್ನು ಕಳೆದುಕೊಂಡ ಮನೆಗಳು ಅಂದು ಯಾರ ಹೆಸರು ಹೇಳಿ ಅಳಬೇಕು? 2021ರ ಅಕ್ಟೋಬರಿನಲ್ಲಿ ಅವರ ಕಿರಿಯ ಮಗ ಪುನೀತ್ ಹೋದಾಗ ಮಂದಿ ಕಂಠೀರವ ಕ್ರೀಡಾಂಗಣದ ಮುಂದೆ ಹಗಲೂ ರಾತ್ರಿ ಸಾಲಿನಲ್ಲಿ ನಿಂತರು. ತಂದೆಯಂತೆ ಮಗನೂ ಕಣ್ಣು ಕೊಟ್ಟದ್ದನ್ನು ಕಂಡು ತಾವೂ ಕೊಡುತ್ತೇವೆಂದು ಬರೆದುಕೊಟ್ಟರು. ಹದಿನೈದು ವರ್ಷಗಳಲ್ಲಿ ನಮ್ಮ ಜನ ಅಳುವುದನ್ನು ಕಲಿತರೆಂದು ನಮಗೆ ಸಮಾಧಾನವಾಯಿತು.

ಇನ್ನು ಆ ಇಂಗ್ಲೆಂಡಿನ ಗಾಯಕನ ಮಾತು. ನಾವು ನಕ್ಕ ಮೇಲೂ ಕಾರಖಾನೆಯ ಹುಡುಗ ಇನ್ನೊಂದು ಸಲ ಬಂದ, ಒಬ್ಬನೇ. ಆ ಗಾಯಕನ ತಂಡದ ಕಥೆಯನ್ನು ಹೇಳಿದ. ಅವರೆಲ್ಲ ಬರ್ಮಿಂಗ್‌ಹ್ಯಾಮ್ ಎಂಬ ಕಾರಖಾನೆಗಳ ಊರಿನ ಬಡ ಮಕ್ಕಳಂತೆ. ಗಿಟಾರು ಬಾರಿಸುತ್ತಿದ್ದ ಟೋನಿ ಐಯೋಮಿ ಎಂಬಾತ ತಗಡಿನ ಕಾರಖಾನೆಯಲ್ಲಿ ಕೆಲಸ ಮಾಡುವಾಗ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ತಂತಿಗಳನ್ನು ಸಡಿಲು ಬಿಟ್ಟು ಬಾರಿಸತೊಡಗಿದ. ಅವರ ವಾದ್ಯದ ಆ ಭಾರವಾದ ನಾದಕ್ಕೆ ಅದೂ ಒಂದು ಕಾರಣವಾಯಿತು. ಇದನ್ನು ಹೇಳುವಾಗ ಹುಡುಗ ತನ್ನ ಬಲಗೈಯನ್ನು ಮುಂದೆ ಹಿಡಿದಿದ್ದ. ದಿವಸಕ್ಕೆ ಎಂಟು ತಾಸು ಪ್ರೆಸ್ಸಿನ ಬಾಯಿಗೆ ಹೋಗಿ ಬರುವ ಕೈ ಅದು. ನಾವು ಅದನ್ನು ಆವರೆಗೆ ಸರಿಯಾಗಿ ನೋಡಿರಲಿಲ್ಲ.

ಆ ಓಜ಼ಿ ಎಂಬಾತ ಕಂಪವಾತದಿಂದ ನಿಲ್ಲಲಾರದವನಾಗಿ, ಜುಲೈ 5ರಂದು ತಾನು ಹುಟ್ಟಿ ಬೆಳೆದ ಕೇರಿಯ ಹತ್ತಿರದ ಮೈದಾನದಲ್ಲಿ ಕುರ್ಚಿಯ ಮೇಲೆ ಕುಳಿತು ಕಡೆಯ ಸಲ ಹಾಡಿದನಂತೆ. ಹದಿನೇಳು ದಿವಸಕ್ಕೆ ಸತ್ತ. ಜುಲೈ 30ರಂದು ಹೆಣದ ಬಂಡಿ ಅದೇ ಊರಿನ ಬೀದಿಯಲ್ಲಿ ಹೋದಾಗ ಮುಂದೆ ಬ್ಯಾಂಡಿನವರು ಅವರದೇ ಹಾಡನ್ನು ಬಾರಿಸುತ್ತ ನಡೆದರು. ಸಾವಿರಾರು ಮಂದಿ ಅಳುತ್ತಲೇ ಅವನ ಹೆಸರನ್ನು ಕೂಗಿದರು. ಹುಡುಗ ಮೊಬೈಲಿನಲ್ಲಿ ಅದನ್ನು ತೋರಿಸಿದ. ಮೈಮೇಲೆ ಹಚ್ಚೆ, ತಲೆಗೆ ನರೆ. ಬಹಳ ಮಂದಿ ನಮ್ಮ ವಯಸ್ಸಿನವರು! ನಾವು ಹುಡುಗರ ಹುಚ್ಚೆಂದು ನಕ್ಕದ್ದು ಮುದುಕರ ದುಃಖವನ್ನು.

ಅಶ್ವಥ್ ಅವರ ಹಾಡಿಗೆ ಕುಣಿದವರೂ ಭೀಮಸೇನರ ತಾನಕ್ಕೆ ತಲೆದೂಗಿದವರೂ ರಾಕ್ ಸಂಗೀತದವರೂ ಎಲ್ಲ ಒಂದೇ ಎಂದು ನಾವು ಹೇಳುವುದಿಲ್ಲ. ಆ ಸಂಗೀತ ನಮಗೆ ರುಚಿಸದು, ಇನ್ನು ರುಚಿಸುವ ವಯಸ್ಸೂ ಅಲ್ಲ. ಆಗಸ್ಟಿನ ಒಂದು ಭಾನುವಾರ ಸಂಘದ ಕೋಣೆಯ ಬೀಗದಕೈಯನ್ನು ಹುಡುಗರಿಗೆ ಕೊಟ್ಟು, ನಾವೂ ಹೋಗಿ ಹಿಂದಿನ ಬೆಂಚಿನ ಮೇಲೆ ಕುಳಿತೆವು. ಹದಿನಾಲ್ಕು ಜನ ಬಂದಿದ್ದರು. ದೀಪ ಹಚ್ಚಿದರು. ಆಮೇಲಿನ ಗದ್ದಲಕ್ಕೆ ನಮ್ಮ ಕಿವಿ ಎರಡು ದಿವಸ ಗುಂಯ್ ಎನ್ನುತ್ತಿತ್ತು. ಕೆಳಗಿನ ಮನೆಯವರು ಎರಡು ಸಲ ಬಾಗಿಲು ಬಡಿದರು. ಆದರೆ ಒಂದು ಕಡೆಗೆ, ಗದ್ದಲವೆಲ್ಲ ನಿಂತು ಆ ಮನುಷ್ಯನ ಧ್ವನಿಯೊಂದೇ ಬಂದಾಗ, ಕಾರಖಾನೆಯ ಹುಡುಗ ಕಣ್ಣು ಮುಚ್ಚಿ ಬಲಗೈಯ ಬೆರಳುಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟ. ರಮಣಬಾಗದಲ್ಲಿ ಬೆಳಗಿನ ಜಾವ ಭೈರವಿಯ ತಟ್ಟೆಯನ್ನು ಕೇಳುವಾಗ ನಮ್ಮ ತಂದೆಯವರು ಹಾಗೆಯೇ ಕೈ ಬಿಚ್ಚಿ ಕುಳಿತಿರುತ್ತಿದ್ದರು. ನಮ್ಮ ತಂದೆಯವರಿಗೂ ಸವಾಯಿ ಗಂಧರ್ವರು ಏನೂ ಆಗಬೇಕಿರಲಿಲ್ಲ.

ಕೆಲಸದ ಮಾತು ಒಂದೆರಡು ಉಳಿದಿವೆ. ಡಿಸೆಂಬರಿನಲ್ಲಿ ಪುಣೆಯ ಉತ್ಸವಕ್ಕೆ ಸಂಘದಿಂದ ಗಾಡಿ ಹೊರಡುತ್ತದೆ. ಆ ಹುಡುಗರಿಬ್ಬರೂ ಬರುತ್ತೇವೆಂದು ಹೆಸರು ಕೊಟ್ಟಿದ್ದಾರೆ. ಇನ್ನು ಮೂರು ಜಾಗ ಖಾಲಿ ಇವೆ, ಬರುವವರು ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಬೇಕು. ಕಂಬಳಿ ತಮ್ಮ ತಮ್ಮದೇ. ಈಗ ಊಟಕ್ಕೆ ಏಳುವ ಮುಂಚೆ, ಇದೇ ಊರಿನ ಗೆಳೆಯರೊಬ್ಬರು ತಮ್ಮ ತಾತನ ಕಾಲದ ಗ್ರಾಮಫೋನನ್ನೂ ಅಬ್ದುಲ್ ಕರೀಮ್ ಖಾನರ ಒಂದು ತಟ್ಟೆಯನ್ನೂ ತಂದಿದ್ದಾರೆ. ಮೂರು ಮಿನಿಟಿನದು. ಮಕ್ಕಳನ್ನು ಹೊರಗೆ ಕಳಿಸಬೇಡಿರಿ, ಅವರೂ ಕೇಳಲಿ. ಮುಂದಿನ ಸಾಲಿನವರು ಆ ಬೀಸಣಿಗೆಯನ್ನು ಸ್ವಲ್ಪ ನಿಲ್ಲಿಸಬೇಕು, ಸದ್ದು ಮಾಡುತ್ತಿದೆ.